ಭದ್ರಾವತಿಯ ಶೆಡ್ಡಿನಲ್ಲಿ ಯಾರೂ ಇರಲಿಲ್ಲ

ಒಂದು ಗೋಡೆ. ಈ ವಾರದ ಪಾಠಕ್ಕೆ ನನಗೆ ಬಿದ್ದ ಖರ್ಚು ಅದು. ಭದ್ರಾವತಿಯ ನನ್ನ ಶೆಡ್ಡನ್ನು ಬಾಡಿಗೆಗೆ ಹಿಡಿದ ವಿದೇಶಿ ಕಂಪನಿಗೆ ಒಂದೇ ಉದ್ದನೆಯ ಹಾಲ್ ಬೇಕಿತ್ತು. ನಡುಗೋಡೆಯನ್ನು ನನ್ನ ದುಡ್ಡಿನಲ್ಲೇ ಒಡೆಸಿಕೊಟ್ಟೆ. (ಬಾಡಿಗೆಯ ಚೌಕಾಸಿಯಲ್ಲಿ ಗೆದ್ದ ಖುಷಿ, ಇನ್ನೇನು?)

ಎರಡು ವರ್ಷವೂ ಆಗಿಲ್ಲ. ಮೊನ್ನೆ ಮೊಬೈಲಿಗೆ ಮೆಸೇಜ್ ಬಂತು: ಶೆಡ್ ಖಾಲಿ ಮಾಡುತ್ತಿದ್ದೇವೆ.

ಶಿವಮೊಗ್ಗದಿಂದ ಸ್ಕೂಟರ್ ಹತ್ತಿದೆ. ಎದುರಿಗೊಬ್ಬ ಮನುಷ್ಯ ಕೂತರೆ ಸಾಕು, ಟೀ ಆರುವುದರೊಳಗೆ ಒಪ್ಪಿಸುವವನು ನಾನು.

ಗೇಟಿನಲ್ಲಿ ಸೆಕ್ಯೂರಿಟಿಯ ಸೆಲ್ವಂ ಒಬ್ಬನೇ ಇದ್ದ.

"ಒಳಗೆ ಯಾರಿದ್ದಾರೋ?"

"ಯಾರೂ ಇಲ್ಲಣ್ಣ. ಎಲ್ರನ್ನೂ ನಿನ್ನೇನೇ ಕಳ್ಸಿಬಿಟ್ರು. ಆದ್ರೆ ನೀವು ಮಾತಾಡಿ, ಅದು ಕೇಳಿಸ್ಕೊಳ್ತದೆ."

"ಯಾವ್ದು ಮಾರಾಯ?"

ಅವನು ಗೇಟಿನ ಮೇಲಿದ್ದ ಕ್ಯಾಮೆರಾವನ್ನು ಕಣ್ಣಲ್ಲೇ ತೋರಿಸಿದ.

ಒಳಗೆ ಕಾಲಿಟ್ಟೆ. ನಾನು ನಡೆದಂತೆ ತಲೆಯ ಮೇಲಿನ ಲೈಟುಗಳು ಒಂದೊಂದಾಗಿ ಹೊತ್ತಿಕೊಂಡವು; ಹಿಂದಿನವು ಆರಿದವು. ಮೆಷಿನ್‌ಗಳಿಲ್ಲ, ನೆಲದ ಮೇಲೆ ಹಳದಿ ಗೆರೆಗಳಷ್ಟೇ. ಎಸಿ ಮಾತ್ರ ಓಡುತ್ತಿತ್ತು. ಯಾರಿಗಾಗಿ?

"ನಮಸ್ಕಾರ. ತಮ್ಮ ಸಹಕಾರಕ್ಕೆ ಧನ್ಯವಾದಗಳು" ಎಂದಿತು ಗೋಡೆಯ ಸ್ಪೀಕರು. ಚೊಕ್ಕ ಕನ್ನಡ. ನಡುವೆ ಎಲ್ಲೂ ಉಸಿರಿಲ್ಲ.

"ಬಾಡಿಗೆ ಇಳಿಸ್ತೀನಿ" ಅಂದೆ.

"ನಿಮ್ಮ ಪ್ರಸ್ತಾವವನ್ನು ದಾಖಲಿಸಿಕೊಳ್ಳಲಾಗಿದೆ."

ಇನ್ನೂ ಇಳಿಸಿದೆ. ಅದೇ ಮಾತು, ಅದೇ ದನಿ.

ಚೌಕಾಸಿಯ ಕೊನೆಯ ಪಟ್ಟು ನಿಮಗೂ ಗೊತ್ತಲ್ಲ? ಹೊರಟುಬಿಡುವುದು. ಅಂಗಡಿಯವನು ಬಾಗಿಲ ತನಕ ಬಿಟ್ಟು ಆಮೇಲೆ ಕರೆಯುತ್ತಾನೆ. "ಹಂಗಾದ್ರೆ ಬರ್ತೀನಿ" ಎಂದು ತಿರುಗಿದೆ.

ಬಾಗಿಲು ತಾನಾಗಿಯೇ ತೆರೆದುಕೊಂಡಿತು.

ಪಕ್ಕದಲ್ಲೊಂದು ಟಿವಿ ಇನ್ನೂ ಉರಿಯುತ್ತಿತ್ತು. ಅದರಲ್ಲಿ ಕಂಪನಿಯ ಹೊಸ ಜಾಗ, ಯಾವುದೋ ದೇಶದ ಶೆಡ್ಡು. ಅವೇ ಹಳದಿ ಗೆರೆಗಳು, ನಡುವೆ ಇಟ್ಟಿಗೆಯ ರಾಶಿ. ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನ ವಯಸ್ಸಿನವನೊಬ್ಬ ನಡುಗೋಡೆ ಒಡೆಸುತ್ತಿದ್ದ. ಮುಖದಲ್ಲಿ ನಗು. ಆ ನಗು ನನಗೆ ಚೆನ್ನಾಗಿ ಗೊತ್ತು.

"ಒಡೀಬೇಡ ಮಾರಾಯ!" ಕೂಗಿಯೇಬಿಟ್ಟೆ.

ಅವನು ತಲೆಯೆತ್ತಿ ನೇರ ನನ್ನನ್ನೇ ನೋಡಿದ.

"ನಿಮ್ಮ ಪ್ರಸ್ತಾವವನ್ನು ದಾಖಲಿಸಿಕೊಳ್ಳಲಾಗಿದೆ" ಎಂದಿತು ದನಿ.

ವಿದೇಶಿ ಬಂಡವಾಳ ಬೇಡ ಎನ್ನುವ ಪೈಕಿ ನಾನಲ್ಲ. ನಮ್ಮ ಹುಡುಗರಿಗೆ ಕೆಲಸ ಬೇಕು, ಬರಲಿ. ಆದರೆ ಜಗತ್ತೆಲ್ಲ ಒಂದೇ ಸಂತೆಯಾದ ಮೇಲೆ ಬಂಡವಾಳ ಬಂದಷ್ಟೇ ಸಲೀಸಾಗಿ ಹೋಗುತ್ತದೆ. ಅದನ್ನು ಕರೆಯಲು ನಮ್ಮಂಥ ಊರುಗಳು ದರ ಇಳಿಸುತ್ತ, ಗೋಡೆ ಒಡೆಯುತ್ತ ಸಾಲಾಗಿ ನಿಂತಿವೆ.

ನಿಮ್ಮ ಶೆಡ್ಡನ್ನು ಇಂಥ ಕಂಪನಿಯವರು ಕೇಳಿಕೊಂಡು ಬಂದರೆ ಖುಷಿಯಾಗಿ ಕೊಡಿ. ಆದರೆ ಒಡೆಯುವ ಮೊದಲೇ, ಮತ್ತೆ ಕಟ್ಟಿಸುವ ಖರ್ಚನ್ನು ಅವರಿಂದ ಠೇವಣಿ ಇಡಿಸಿಕೊಳ್ಳಿ.