ಒಳಮೈಯ ನೀಲಿ

ಇಸೆಯಿನ್ ಊರಿನ ಕೋಳಿಗಳು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿವೆ. ಮುದಿ ದರ್ಜಿ ಒಜೆವುಮಿ ಆಗಲೇ ಒಳಕೋಣೆಯ ಚಾಪೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಮುಂದೆ ಹರಡಿರುವುದು ಎಗುಂಗುನ್‌ನ ಉಡುಪು. ಸತ್ತ ಹಿರಿಯರು ವರ್ಷಕ್ಕೊಮ್ಮೆ ಹಬ್ಬದ ದಿನ ಎಗುಂಗುನ್ ಆಗಿ ಬಟ್ಟೆಯ ಮೈ ತೊಟ್ಟು ಮನೆಮಂದಿಯನ್ನು ಹರಸಲು ಬರುತ್ತಾರೆ. ಆ ಮೈ ಹೊಲಿಯುವವರು ಇವರು.

ಪ್ರತಿವರ್ಷ ಹಳೆಯದರ ಮೇಲೆ ಹೊಸ ಪದರ. ಯಾವುದನ್ನೂ ಕಿತ್ತುಹಾಕುವಂತಿಲ್ಲ. ತಳದ ಬಟ್ಟೆ ಯಾರದೆಂದು ಇವರಿಗೂ ಗೊತ್ತಿಲ್ಲ. “ಕೇಳಿದ್ರೆ ಹಿರೀಕರೇ ಹೇಳ್ತಾರೇನೋ, ನಾನೇ ಕೇಳಲ್ಲ. ಹೊಲಿಯೋನಿಗೆ ಬಾಯಿ ಯಾಕೆ?” ಎಂದು ನಗುತ್ತಾರೆ. ಅಪ್ಪನಿಂದ ಬಂದ ಕೆಲಸ. ಕಣ್ಣು ಮಂಜಾಗಿದೆ, ಬೆರಳು ಒರಟಾಗಿದೆ, ಹೆಸರು ಮಾತ್ರ ಊರಿನ ಯಾರ ಬಾಯಲ್ಲೂ ಇಲ್ಲ.

ಈ ಸಲ ಅಲಸಂದೆ ವಡೆ ಮಾರುವ ಅಸಾಬಿ ಹೊಸ್ತಿಲಾಚೆ ಬಂದು ನಿಂತಿದ್ದಾಳೆ. ಹೆಂಗಸರು ಈ ಕೋಣೆಯೊಳಗೆ ಬರುವಂತಿಲ್ಲ. ಹೆಂಡ ಇಳಿಸುತ್ತಿದ್ದ ಗಂಡ ಅಜಾನಿ ಕಳೆದ ಮಳೆಗಾಲದಲ್ಲಿ ತಾಳೆಮರದಿಂದ ಬಿದ್ದು ತೀರಿಕೊಂಡ. ಅವನ ನೀಲಿ ಅಂಗಿಯನ್ನು ಅವಳು ಒಳಗೆ ಚಾಚುತ್ತಾಳೆ. “ಬಾಬಾ, ಇದನ್ನೂ ಸೇರ್ಸಿ ಹೊಲೀರಿ. ಹಬ್ಬದ ದಿನ ಒಂದೇ ಒಂದ್ಸಲ ಅವ್ರನ್ನ ನೋಡ್ಬೇಕು.”

ಹೊಸ ಪದರಕ್ಕೆಂದು ಕೆಂಪು ಮಕಮಲ್ಲು ತಂದಿರುವ, ಈ ಎಗುಂಗುನ್‌ನ ಮನೆತನದ ಯಜಮಾನ ಒಜೆಲಾಡೆ ಸಿಡುಕುತ್ತಾನೆ. “ಈ ಚಿಂದೀನ ಹಿರೀಕರ ಮೈಮೇಲೆ ಹಾಕ್ತೀಯೇನಯ್ಯಾ? ಮೇಲೆ ಒಂದೆಳೆ ಕಂಡ್ರೂ ಮುಂದಿನ ವರ್ಷ ಸೂಜಿ ಬೇರೆಯವ್ರ ಕೈಗೆ!”

ಒಜೆವುಮಿ ಮಕಮಲ್ಲನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತಾರೆ. ತುದಿ ಸಡಿಲವಾಗಿ ಇಳಿಬೀಳುವಂತೆ ಅವನ್ನು ಮೇಲೆಯೇ ಹೊಲಿಯುತ್ತಾರೆ. ಆದರೆ ಪ್ರತಿ ಪಟ್ಟಿಯ ಹಿಂಬದಿಗೆ ಅಜಾನಿಯ ಅಂಗಿಯ ಒಂದೊಂದು ತುಂಡು ಸೇರಿಸುತ್ತಾರೆ.

ಹಬ್ಬದ ದಿನ ಡೋಲು ಮೊಳಗುತ್ತದೆ. ಎಗುಂಗುನ್ ಅಂಗಳದಲ್ಲಿ ಬಂದು ನಿಂತಾಗ ಬರೀ ಕೆಂಪು. ಅಸಾಬಿಯ ಮುಖ ಬಾಡುತ್ತದೆ. ಆಮೇಲೆ ಎಗುಂಗುನ್ ಮೆಲ್ಲಗೆ ತಿರುಗತೊಡಗುತ್ತದೆ, ಇನ್ನೂ ಜೋರಾಗಿ ತಿರುಗುತ್ತದೆ. ಪಟ್ಟಿಗಳೆಲ್ಲ ಗಾಳಿಯಲ್ಲಿ ಮೇಲೆದ್ದು ಮಗುಚಿಕೊಳ್ಳುತ್ತವೆ. ಅಂಗಳದ ತುಂಬ ನೀಲಿ!

“ಬಂದ್ರು! ನಮ್ಮನೆಯವ್ರು ಬಂದ್ರು!” ಅಸಾಬಿ ಮಂಡಿಯೂರುತ್ತಾಳೆ. ಆ ಗಾಳಿ ಅವಳ ಒದ್ದೆ ಕೆನ್ನೆಗೆ ತಾಗುತ್ತದೆ. ಒಜೆಲಾಡೆ ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಅವನತ್ತಲೇ ತಿರುಗುತ್ತಾ ಬರುತ್ತಾರೆ. ಹರಸಲು ಬಂದವರೆದುರು ಯಜಮಾನನಾದರೂ ತಲೆ ಬಾಗಲೇಬೇಕು, ಬಾಗುತ್ತಾನೆ.

ಮರುದಿನ ಬೆಳಗ್ಗೆ ಅದೇ ಚಾಪೆ. ಒಜೆವುಮಿ ಹರಿದ ಅಂಚುಗಳನ್ನು ಸರಿಪಡಿಸುತ್ತಿದ್ದಾರೆ. ಮುಂದಿನ ವರ್ಷ ಸೂಜಿ ಯಾರ ಕೈಗೆ ಹೋಗುತ್ತದೋ, ಯಜಮಾನ ಇನ್ನೂ ಬಾಯಿ ಬಿಟ್ಟಿಲ್ಲ. ಅವರ ಕಣ್ಣು ಗೂಟಕ್ಕೆ ತೂಗುಹಾಕಿದ ತಮ್ಮದೇ ಮಾಸಿದ ಅಂಗಿಯತ್ತ ಹೋಗುತ್ತದೆ.

“ನಾನು ಹೋದ್ಮೇಲೆ ಯಾರೇ ಹೊಲಿದ್ರೂ ಸರಿ, ನಂದನ್ನೂ ಒಳಗಡೇನೇ ಹಾಕ್ಲಿ. ನೋಡ್ಬೇಕು ಅನ್ನೋರು ಒಬ್ರಿದ್ರೆ, ತಿರುಗ್ದಾಗ ಕಾಣ್ತೀನಿ.”