ಮುಳ್ಳು ಸೊನ್ನೆಗೆ ಬರುವವರೆಗೆ

ಬೆಳಗಿನ ಐದೂವರೆ. ಹೆರಿಗೆ ವಾರ್ಡಿನಲ್ಲಿ ಇನ್ನೂ ಅರ್ಧ ದೀಪಗಳೇ ಉರಿಯುತ್ತಿವೆ. ನೆಲ ಒರೆಸುವವಳು ಬಕೆಟ್ ಎಳೆದುಕೊಂಡು ಒಂದು ತುದಿಯಿಂದ ಬರುತ್ತಿದ್ದರೆ, ಇನ್ನೊಂದು ತುದಿಯಿಂದ ತಗಡಿನ ಪೆಟ್ಟಿಗೆ ಹಿಡಿದು ಐವತ್ತರ ಹತ್ತಿರದ ಹೆಂಗಸೊಬ್ಬರು ಬರುತ್ತಾರೆ. ಗೋಡೆಗೆ ನೇತುಹಾಕಿದ ಬಿ.ಪಿ. ಮೆಷಿನ್ ಇಳಿಸಿ, ಕನ್ನಡಕ ಹಣೆಗೇರಿಸಿ, ಡಯಲ್ಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಾರೆ. ಗಾಳಿ ತುಂಬುವ ಮುಂಚೆ ಮುಳ್ಳು ಸೊನ್ನೆಯ ಮೇಲೆ ನಿಂತಿರಬೇಕು. ಇಲ್ಲದಿದ್ದರೆ ಆ ಮೆಷಿನ್ ಅವರ ಪೆಟ್ಟಿಗೆ ಸೇರುತ್ತದೆ.

"ಬಂದ್ರು ಬಿ.ಪಿ. ಅಕ್ಕ. ಇನ್ನು ನಮ್ಮ ಸಾಮಾನೆಲ್ಲ ಗಂಟುಕಟ್ಕೊಂಡು ಹೋಗ್ತಾರೆ," ಎಂದು ರಾತ್ರಿ ಪಾಳಿಯ ನರ್ಸ್ ಛೇಡಿಸುತ್ತಾಳೆ.

"ಕೆಟ್ಟಿದ್ದನ್ನ ಇಟ್ಕೊಂಡು ಪೂಜೆ ಮಾಡ್ತೀಯೇನಮ್ಮ? ಹತ್ತು ಗಂಟೆಗೆ ವಾಪಸ್ ಕೊಡ್ತೀನಿ."

ಈ ಆಸ್ಪತ್ರೆಯಲ್ಲಿ ಹನ್ನೊಂದು ವಾರ್ಡು, ನೂರ ನಲವತ್ತು ಮೆಷಿನ್. ದಿನಕ್ಕೆ ಇಪ್ಪತ್ತೈದರಂತೆ ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. ಲಿಫ್ಟಿನ ಪಕ್ಕ, ಹಿಂದೆ ಹೊದಿಕೆಗಳನ್ನು ತುಂಬಿಡುತ್ತಿದ್ದ ಕಿಟಕಿಯಿಲ್ಲದ ಕೋಣೆಯೇ ಅವರ ಕಾರ್ಖಾನೆ. ಸೈಕಲ್ ಅಂಗಡಿಯವರು ಟ್ಯೂಬು ಮುಳುಗಿಸುವ ಹಾಗೆ ರಬ್ಬರ್ ಕೊಳವೆಯನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾರೆ. ರಿಪೇರಿಯಾದದ್ದನ್ನು ಮೊದಲು ಕಟ್ಟಿ ನೋಡುವುದು ತಮ್ಮದೇ ಎಡತೋಳಿಗೆ. ಆ ತೋಳಿನ ಮೇಲೆ ಪಟ್ಟಿಯ ಗುರುತು ಅಳಿಸುವುದೇ ಇಲ್ಲ.

ಹೊಸದಾಗಿ ಬಂದ ನರ್ಸುಗಳಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಬಿ.ಪಿ. ಅಕ್ಕ ಡಾಕ್ಟರು. ಇದೇ ಕಟ್ಟಡದ ಕೆಳಮಹಡಿಯಲ್ಲಿ ಒಂಬತ್ತು ವರ್ಷ ಬಸುರಿಯರನ್ನು ನೋಡಿದವರು.

"ಬೇಸರ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ? ಬೆಳಿಗ್ಗೆ ಒಂದೇ ಹೊತ್ತಿಗೆ ಎಂಬತ್ತು ಜನ. ಒಬ್ಬೊಬ್ಬರಿಗೆ ಎರಡು ನಿಮಿಷ. ಮುಖ ನೋಡೋಕೂ ಪುರಸೊತ್ತಿರ್ಲಿಲ್ಲ," ಎನ್ನುತ್ತಾರೆ. ಜೊತೆಗೆ ಓದಿದವರಲ್ಲಿ ಬೇಸತ್ತು ಬಿಟ್ಟವರು ಇನ್ನೂ ಇದ್ದಾರೆ. ಒಬ್ಬರು ವಿಮಾ ಕಂಪನಿಯಲ್ಲಿ ಕಡತ ನೋಡುತ್ತಾರೆ, ಇನ್ನೊಬ್ಬರು ಔಷಧಿ ಡಬ್ಬಿಯೊಳಗಿನ ಚೀಟಿ ಬರೆಯುತ್ತಾರೆ. ನೀನೂ ಬಾ ಎಂದು ಅವರು ಕರೆದದ್ದುಂಟು. ಇವರು ಹೋಗಲಿಲ್ಲ. ಎರಡು ವರ್ಷ ಉಪಕರಣ ರಿಪೇರಿ ಕಲಿತು, ಬಿಟ್ಟ ಆಸ್ಪತ್ರೆಗೇ ತಗಡಿನ ಪೆಟ್ಟಿಗೆ ಹಿಡಿದು ವಾಪಸಾದರು.

ಮನೆಯಲ್ಲಿ ತಾಯಿಗೆ ಇದು ಇಂದಿಗೂ ನುಂಗಲಾರದ ತುತ್ತು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಮಗಳ ಸ್ಟೆತಾಸ್ಕೋಪನ್ನು ವಾರಕ್ಕೊಮ್ಮೆ ಒರೆಸಿಡುತ್ತಾರೆ. ನೆಂಟರು ಕೇಳಿದರೆ, "ಆಸ್ಪತ್ರೇಲೇ ಇದಾಳೆ, ಬಿಡುವೇ ಇಲ್ಲ ಪಾಪ," ಎಂದು ಮಾತು ಮುಗಿಸುತ್ತಾರೆ. "ಅಮ್ಮ ಹೇಳೋದರಲ್ಲಿ ಸುಳ್ಳೇನೂ ಇಲ್ಲ," ಎಂದು ಮಗಳು ನಗುತ್ತಾರೆ. ಆದರೆ ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಅವರಿಗೆ ನಾಚಿಕೆ ಈ ಪೆಟ್ಟಿಗೆಯದ್ದಲ್ಲ.

ಹನ್ನೆರಡು ವರ್ಷದ ಹಿಂದೆ, ಎಂಟು ತಿಂಗಳ ಬಸುರಿಯೊಬ್ಬಳು ತಲೆನೋವೆಂದು ಬಂದಳು. ಸಾಲಿನಲ್ಲಿ ಎಪ್ಪತ್ತೊಂದನೆಯವಳು. ಪಟ್ಟಿ ಸುತ್ತುವಾಗ, ಆಗ ಡಾಕ್ಟರಾಗಿದ್ದ ಬಿ.ಪಿ. ಅಕ್ಕ ಡಯಲ್ ನೋಡಿದರು. ಮುಳ್ಳು ಸೊನ್ನೆಗಿಂತ ಹತ್ತು ಕೆಳಗೆ ಬಿದ್ದುಕೊಂಡಿತ್ತು. ನಾಳೆ ಸ್ಟೋರಿನವರಿಗೆ ಹೇಳಿದರಾಯಿತು ಎಂದುಕೊಂಡರು. ಮೆಷಿನ್ ನೂರ ಮೂವತ್ತಾರು ತೋರಿಸಿತು. ತಲೆನೋವಿನ ಮಾತ್ರೆ ಬರೆದು ಕಳಿಸಿದರು. ಹತ್ತು ಕೂಡಿಸಿದ್ದರೆ ನೂರ ನಲವತ್ತಾರು. ಅಷ್ಟಿದ್ದರೆ ಅವಳನ್ನು ಮನೆಗೆ ಕಳಿಸುತ್ತಿರಲಿಲ್ಲ. ಎರಡನೆಯ ದಿನ ಫಿಟ್ಸ್ ಬಂದು ಹೊತ್ತು ತಂದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ವಿಚಾರಣೆಯಲ್ಲಿ ತಪ್ಪು ಮೆಷಿನ್ನಿನದು ಎಂದಾಯಿತು. "ನಾನೂ ಹಾಗೇ ಹೇಳ್ದೆ. ಅವಳ ಹಾಸಿಗೆ ಪಕ್ಕ ನಿಂತ್ಕೊಂಡು, ಮೆಷಿನ್ ಕೆಟ್ಟಿತ್ತಮ್ಮಾ ಅಂದೆ. ನೋಡಿದ್ದೆ ಅಂತ ಹೇಳಲಿಲ್ಲ. ಬಾಯಿ ಬರಲಿಲ್ಲ." ಈ ಮಾತು ಹೇಳುವಾಗ ಅವರು ತಲೆ ಎತ್ತುವುದಿಲ್ಲ. ಕೈ ಮಾತ್ರ ಒಂದು ಸ್ಕ್ರೂ ತಿರುಗಿಸುತ್ತಲೇ ಇರುತ್ತದೆ.

ಹೋದ ತಿಂಗಳು ಬೆಳಿಗ್ಗೆ, ಹೆರಿಗೆ ವಾರ್ಡಿನ ಏಳನೇ ಹಾಸಿಗೆಯಿಂದ ಯಾರೋ ಕರೆದರು. "ಡಾಕ್ಟ್ರಮ್ಮಾ, ನೀವಲ್ವಾ?" ಅವಳೇ. ಇಷ್ಟು ವರ್ಷದ ಮೇಲೆ ಮತ್ತೆ ಬಸುರಿ. ಬಿ.ಪಿ. ಏರುತ್ತಿದೆಯೆಂದು ಹೆರಿಗೆಯವರೆಗೂ ಇಲ್ಲೇ ಇರಿಸಿಕೊಂಡಿದ್ದರು.

"ಕೆಲಸ ಬಿಟ್ರಂತಲ್ಲ. ನನ್ನಿಂದ್ಲೇ ಅಂತ ಕೇಳಿ ಸಂಕಟ ಆಯ್ತು. ನಿಮ್ಮದೇನು ತಪ್ಪು ಹೇಳಿ? ಮೆಷಿನ್ ಕೆಟ್ಟಿತ್ತು," ಎಂದಳು.

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತಂತೆ. ಆ ಹೆಂಗಸು ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಸಮಾಧಾನ ಹೇಳಿದಳಲ್ಲ! ಅಂದು ಪೆಟ್ಟಿಗೆ ಎತ್ತಿಕೊಂಡು ಕೋಣೆ ಸೇರಿಕೊಂಡರು. ಮೂರು ದಿನ ಆ ವಾರ್ಡಿನ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಹೋಗಿ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿಬಿಟ್ಟರು.

"ನಾನು ಮುಳ್ಳು ನೋಡಿದ್ದೆ ಕಣಮ್ಮ. ಸೊನ್ನೇಲಿ ಇರ್ಲಿಲ್ಲ. ನೋಡಿಯೂ ಸುಮ್ಮನಾದೆ."

ಅವಳು ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ಗೋಡೆಯ ಕಡೆ ಹೊರಳಿ, "ನೀವು ಹೋಗಿ. ಇನ್ನೊಂದ್ಸಲ ನನ್ನ ಹತ್ರ ಬರಬೇಡಿ," ಎಂದಳು.

"ಸರಿಯಾಗೇ ಹೇಳಿದಳು. ಹನ್ನೆರಡು ವರ್ಷದ ಹಿಂದೆಯೇ ಕೇಳಿಸ್ಕೊಬೇಕಾಗಿದ್ದ ಮಾತು," ಎನ್ನುತ್ತಾರೆ ಬಿ.ಪಿ. ಅಕ್ಕ. ಅಂದಿನಿಂದ ಅವರು ಏಳನೇ ಹಾಸಿಗೆಯ ಹತ್ತಿರ ಹೋಗುವುದಿಲ್ಲ. ಅಲ್ಲಿನ ಮೆಷಿನ್ನನ್ನು ನರ್ಸ್ ದಿನಾ ಬಾಗಿಲಿಗೆ ತಂದುಕೊಡುತ್ತಾಳೆ. ಉಳಿದವಕ್ಕೆ ವಾರಕ್ಕೊಂದು ಸಲ, ಅದಕ್ಕೆ ದಿನಕ್ಕೊಂದು ಸಲ.

ನರ್ಸ್ ಇನ್ನೊಂದು ವಿಷಯ ಹೇಳುತ್ತಾಳೆ. ಏಳನೇ ಹಾಸಿಗೆಯವಳು ಈಗ ತೋಳು ಕೊಡುವ ಮುಂಚೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾಳೆ: "ಇದನ್ನ ಆಯಮ್ಮ ನೋಡಿದಾರಾ?" ಹೌದೆಂದ ಮೇಲೂ ಡಯಲ್ಲನ್ನು ತನ್ನ ಕಡೆ ತಿರುಗಿಸಿಕೊಂಡು, ಕಣ್ಣಾರೆ ನೋಡಿಯೇ ತೋಳು ಚಾಚುತ್ತಾಳೆ.

ಅವಳಿಗೆ ದಿನ ತುಂಬಲು ಇನ್ನು ಒಂದೇ ವಾರ. ಬಾಗಿಲಾಚೆ ನಿಂತ ಬಿ.ಪಿ. ಅಕ್ಕ ಇವತ್ತಿನ ಮೆಷಿನ್ನಿನ ಗಾಜನ್ನು ಸೆರಗಿನಲ್ಲಿ ಒರೆಸಿ ನರ್ಸ್ ಕೈಗೆ ಕೊಡುತ್ತಾರೆ.

"ಅವಳು ನನ್ನ ಮುಖ ನೋಡೋದು ಬೇಡ," ಎನ್ನುತ್ತಾರೆ. "ಮುಳ್ಳು ನೋಡಿದ್ರೆ ಸಾಕು."