ಅಕ್ಕನ ಕಾರಿಗೆ ತಂಗಿಯ ಚಕ್ರ

ಬೆಳಿಗ್ಗೆ ಆರೂವರೆ. ಟೈರ್ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಐವತ್ತನಾಲ್ಕರ 'ಗಾಳಿಯಕ್ಕ' ಆಗಲೇ ಬಿಳಿ ಕಾರೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಬೈಲಿನಂಥ ಯಂತ್ರವೊಂದನ್ನು ಚಕ್ರಕ್ಕೆ ಹಿಡಿದಿದ್ದಾರೆ. ಕಾರಿನೊಡತಿ ಶಾಲೆಯ ಗಣಿತದ ಮೇಡಂ.

"ಮೆಕ್ಯಾನಿಕ್ ಎಷ್ಟೊತ್ತಿಗೆ ಬರ್ತಾರೆ?"

"ಬಂದು ಹತ್ತು ನಿಮಿಷ ಆಯ್ತು ಮೇಡಂ. ನಿಮ್ಮ ಮುಂದೇನೇ ಕೂತಿದ್ದಾರೆ."

ಮೇಡಂ ಗೋಳು ಇಷ್ಟು: ಹೋದ ವಾರ ಚಕ್ರ ಬದಲಾಯಿಸಿದ್ದಾರೆ. ಮೂರು ದಿನದಿಂದ, ಹಿಂದಿನ ಬಲ ಚಕ್ರದಲ್ಲಿ ಗಾಳಿ ಕಡಿಮೆ ಎಂದು ಹಳದಿ ದೀಪ ಹತ್ತುತ್ತಿದೆ. ಮೂರು ಸಲ ಗಾಳಿ ತುಂಬಿಸಿ ಟೈರು ಕಲ್ಲಾಗಿದೆ. ದೀಪ ಮಾತ್ರ ಜಪ್ಪಯ್ಯ ಅಂದರೂ ಆರುತ್ತಿಲ್ಲ.

ಇಂಥ ದೀಪಗಳೇ ಗಾಳಿಯಕ್ಕನ ಅನ್ನ. ಲಾರಿ ಟೈರು ಎತ್ತುವಾಗ ಗಂಡನ ಬೆನ್ನು ಹಿಡಿದು ಹತ್ತೊಂಬತ್ತು ವರ್ಷವಾಯಿತು; ಅಂದಿನಿಂದ ಅಂಗಡಿ ಇವರದ್ದೇ. ಯಂತ್ರ ಬಂದಾಗ ಅದರ ಕೈಪಿಡಿಯನ್ನು ಗಂಡ ಮಲಗಿದಲ್ಲಿಂದಲೇ ಓದಿ ಹೇಳಿದರಂತೆ. "ನಡುನಡುವೆ ಅವರು ಬೈದಿದ್ದನ್ನೂ ಕಲಿತುಬಿಟ್ಟೆ" ಎಂದು ನಗುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕಾರು, ಒಂದೊಂದಕ್ಕೆ ನಾಲ್ಕು ಸಲ ಕೂತು ಏಳಬೇಕು. "ಕಾರಿಗಾದ್ರೆ ದೀಪ ಇದೆ. ನನ್ನ ಮಂಡಿಗೆ ಎಲ್ಲಿದೆ?"

ಪ್ರತಿ ಚಕ್ರದೊಳಗೂ ಗಾಳಿ ಅಳೆದು ತಂತಿಯಿಲ್ಲದೆ ಕಾರಿಗೆ ತಿಳಿಸುವ ಒಂದು ಪುಟ್ಟ ಸೆನ್ಸರ್, ಅದಕ್ಕೊಂದು ನಂಬರು. ಕಾರು ತನಗೆ ನೆನಪಿರುವ ನಾಲ್ಕು ನಂಬರಿನ ಮಾತನ್ನಷ್ಟೇ ಕೇಳುತ್ತದೆ.

ಯಂತ್ರ ನೋಡಿದ ಗಾಳಿಯಕ್ಕನ ಹುಬ್ಬು ಗಂಟಾಗುತ್ತದೆ. "ಈ ನಂಬರುಗಳೇ ಬೇರೆ. ನಿಮ್ಮ ಹಳೇ ಚಕ್ರ ಎಲ್ಲಿ?"

"ನನ್ನ ತಂಗಿ ಕಾರಲ್ಲಿ. ಇಬ್ಬರದ್ದೂ ಒಂದೇ ಥರದ ಕಾರು. ಅವಳ ಚಕ್ರ ಹೊಳೀತಿತ್ತು, ಅದಕ್ಕೇ ಬದಲಾಯಿಸ್ಕೊಂಡ್ವಿ."

"ಕಾರು ನಿಲ್ಲಿಸೋದು?"

"ಒಂದೇ ಅಂಗಳದಲ್ಲಿ, ಅಕ್ಕಪಕ್ಕ."

ಗಾಳಿಯಕ್ಕ ದಿಗ್ಗನೆ ಏಳುತ್ತಾರೆ. "ಹಾಗಾದ್ರೆ ನಿಮ್ಮ ಕಾರು ಅಂಗಳದಲ್ಲಿ ಕೇಳಿಸ್ಕೊಂಡು ಹೇಳ್ತಿರೋದು ತಂಗಿ ಕಾರಿನ ಚಕ್ರದ ಸುದ್ದಿ! ಗಾಳಿ ಹೋಗ್ತಿರೋದು ಅಲ್ಲಿ. ಈಗಲೇ ಫೋನ್ ಮಾಡಿ, ಕಾರು ತೆಗೀಬೇಡ ಅನ್ನಿ."

ತಂಗಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಹೆದ್ದಾರಿ ಹಿಡಿದು ಅಜ್ಜಿ ಮನೆಗೆ ಹೋಗಲು ಅಂಗಳದಲ್ಲಿ ಆಗಷ್ಟೇ ಕಾರು ಶುರು ಮಾಡಿದ್ದಾಳೆ. ಎಂಜಿನ್ ಸದ್ದು ಫೋನಿನಲ್ಲೇ ಕೇಳುತ್ತಿದೆ. "ಬೆಳಗಾಗೆದ್ದು ಚಕ್ರ ವಾಪಸ್ ಕೇಳಬೇಡ ಅಕ್ಕಾ, ಕೊಡಲ್ಲ!"

"ಇಳಿಯೇ ಕೆಳಗೆ! ಹಿಂದಿನ ಬಲ ಚಕ್ರ ನೋಡು."

ಎಂಜಿನ್ ನಿಂತು, ಕಾರಿನ ಬಾಗಿಲು ತೆರೆದ ಸದ್ದು. ಆಮೇಲೆ ಸಣ್ಣ ದನಿ: "ಮೊಳೆ ಇದೆ ಅಕ್ಕಾ. ಟೈರು ಅರ್ಧ ಕೂತುಬಿಟ್ಟಿದೆ."

ಗಾಳಿಯಕ್ಕ ಸಾಮಾನು ಹೊತ್ತು ಅವರ ಅಂಗಳಕ್ಕೇ ಹೋಗುತ್ತಾರೆ. ತಂಗಿಯ ಕಾರಿನಲ್ಲೂ, ತನ್ನ ನಂಬರುಗಳು ಸಿಗದೆ, ದೀಪ ಮಿನುಗುತ್ತಿತ್ತಂತೆ. ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿದ್ದಾಳೆ! ಅದನ್ನು ಉಗುರಿನಿಂದ ಕಿತ್ತು, ತೂತು ಮುಚ್ಚಿ, ಕಲ್ಲಾದ ಟೈರಿನ ಗಾಳಿ ಇಳಿಸಿ, ಎರಡೂ ಕಾರಿಗೆ ಹೊಸ ನಂಬರು ಕಲಿಸುವಷ್ಟರಲ್ಲಿ ಒಂಬತ್ತು ಗಂಟೆ. ದೀಪಗಳು ಆರುತ್ತವೆ. ಅಕ್ಕತಂಗಿ ಒಟ್ಟಿಗೇ ಚಪ್ಪಾಳೆ ತಟ್ಟುತ್ತಾರೆ, ಕಾರುಗಳ ಕಡೆ ತಿರುಗಿ.

ಚಪ್ಪಾಳೆಯೆಲ್ಲ ಕಾರಿಗೇ ಹೋಯ್ತಲ್ಲ, ನಿಮಗೆ ಬೇಜಾರಾಗಲ್ವಾ ಎಂದರೆ ಗಾಳಿಯಕ್ಕ ಕೈ ಒರೆಸಿಕೊಳ್ಳುತ್ತಾರೆ.

"ಬೇಜಾರು ಯಾಕೆ? ಆ ಮಕ್ಕಳು ಅಜ್ಜಿ ಮನೆ ತಲುಪಿ ಗಲಾಟೆ ಎಬ್ಬಿಸಿದ್ರೆ ನಂಗಷ್ಟೇ ಸಾಕು."